ಟ್ರೌಟ್ ಪಾಠ, ಕಾವೇರಿ ನೀರು

ಕೊಡಗಿನ ಹೊಳೆಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಟ್ರೌಟ್ ವೀಡಿಯೊಗಳನ್ನು ನೋಡಿ ಫ್ಲೈ ಫಿಶಿಂಗ್ (ಗರಿ, ನೂಲಿನಿಂದ ಕೊಕ್ಕೆಗೆ ಕಟ್ಟಿದ ‘ಫ್ಲೈ’ ಎಂಬ ಹುಸಿಹುಳವನ್ನು ಬೀಸಿ ಮೀನು ಹಿಡಿಯುವುದು) ಕಲಿತವರು ಅದೇ ಸಪೂರ ರಾಡ್, ಅದೇ ಕೂದಲೆಳೆಯಂಥ ದಾರ ಹಿಡಿದು ಕಾವೇರಿಗೆ ಇಳಿಯುತ್ತಾರೆ. ಟ್ರೌಟ್‌ಗೆ ಹಿತವಾಗಿರುವುದು 10ರಿಂದ 16 ಡಿಗ್ರಿ ಸೆಲ್ಸಿಯಸ್‌ನ ನೀರು. 20 ದಾಟಿದರೆ ಏದುಸಿರು ಬಿಡುತ್ತದೆ. ಕಳೆದ ಶತಮಾನದ ಶುರುವಿನಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಮರಿ ಮಾಡಿಸಿ ಬಿಟ್ಟ ರೇನ್‌ಬೋ ಟ್ರೌಟ್ ಉಳಿದುಕೊಂಡದ್ದು ಅಲ್ಲಿನ ತೊರೆಗಳು 2000 ಮೀಟರ್ ಎತ್ತರದಲ್ಲಿ ಹರಿಯುವುದರಿಂದ. ನಮ್ಮ ತಡಿಯಂಡಮೋಳ್ ಶಿಖರದ ತುದಿಯೇ 1748 ಮೀಟರ್. ಕಾವೇರಿ ಕುಶಾಲನಗರ ಮುಟ್ಟುವ ಹೊತ್ತಿಗೆ 800 ಮೀಟರ್ ಚಿಲ್ಲರೆಗೆ ಇಳಿದಿರುತ್ತಾಳೆ.

ಇಲ್ಲಿರುವುದು ಮಹಶೀರ್, ಹೊಳೆಯವರ ಬಾಯಲ್ಲಿ ಬಿಳಿಮೀನು. ಅದರಲ್ಲೂ ಎರಡು ಬಗೆ. ಕಾವೇರಿ ಕೊಳ್ಳದ್ದೇ ಆದ, ಬೆನ್ನು ಗೂನಾಗಿ ಬಾಲ ಕಿತ್ತಳೆ ಬಣ್ಣಕ್ಕಿರುವ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ತೀರಾ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಮೈಸೂರಿನ ವಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇಂದಿಗೂ ಗಾಳದವರ ಮಾತಿನಲ್ಲಿ ಬರುತ್ತದೆ. ಇನ್ನೊಂದು ನೀಲಿ ರೆಕ್ಕೆಯ ಟಾರ್ ಖುದ್ರೀ. 1970ರ ದಶಕದಿಂದ ಲೋನಾವಳದ ಕೇಂದ್ರದಲ್ಲಿ ಮರಿ ಮಾಡಿಸಿ ದೇಶದ ಎಷ್ಟೋ ನದಿಗಳಿಗೆ, ಕಾವೇರಿಗೂ, ಬಿಟ್ಟದ್ದು. ಉದ್ದೇಶ ಒಳ್ಳೆಯದೇ ಇತ್ತು, ಆದರೆ ಮನೆಯ ಮಗನ ತಟ್ಟೆಗೆ ನೆಂಟನನ್ನು ಕೂರಿಸಿದ ಹಾಗಾಯಿತು.

ಹಾಗಾಗಿ ಹಿಡಿದು ಬಿಡುವ ಗಾಳ ಬಿಟ್ಟು ಬೇರೆ ಮಾತಿಲ್ಲ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳಲ್ಲಿ, ನಾಗರಹೊಳೆಯಲ್ಲಿ ಗಾಳ ಹಾಕುವಂತಿಲ್ಲ. ಹೊರಗಿನ ಹೊಳೆಯಲ್ಲೂ ಆ ಭಾಗದ ಹಕ್ಕು ಯಾರಲ್ಲಿದೆ ಎಂದು ಕೇಳಿ, ಅನುಮತಿ ಪಡೆದೇ ಇಳಿಯಬೇಕು. ವಾಲ್ನೂರು ಸುತ್ತಿನ ಕಾವೇರಿಯಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹಳ ವರ್ಷ ಮಹಶೀರ್ ಕಾಯುವ ಕೆಲಸ ಮಾಡಿದೆ, ವಿಚಾರಿಸುವುದನ್ನು ಅಲ್ಲಿಂದಲೇ ಶುರು ಮಾಡಬಹುದು.

ಈಗ ಸಾಮಾನು. ಟ್ರೌಟ್‌ನ 4 ಅಥವಾ 5ನೇ ನಂಬರಿನ ರಾಡ್ ಮನೆಯಲ್ಲಿರಲಿ (ನಂಬರ್ ಹೆಚ್ಚಿದಷ್ಟೂ ರಾಡ್ ಗಟ್ಟಿ). ಇಲ್ಲಿಗೆ 9 ಅಡಿಯ 8ನೇ ನಂಬರ್ ಬೇಕು. ತೇಲುವ ಲೈನ್ (ಬೀಸಲು ಭಾರ ಕೊಡುವ ದಪ್ಪ ದಾರ), ಅದರ ಹಿಂದೆ ಕನಿಷ್ಠ 150 ಮೀಟರ್ ಬ್ಯಾಕಿಂಗ್ ಎಂಬ ಮೀಸಲು ದಾರ, ಮುಂದೆ 9 ಅಡಿಯ ಲೀಡರ್ ಎಂಬ ಸಪೂರ ದಾರ, ತುದಿಗೆ 15 ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ ದಾರ. ಟ್ರೌಟ್‌ಗೆ ಕಟ್ಟುವ 5ಎಕ್ಸ್ ದಾರ ಎರಡು ಕಿಲೋ ಎಳೆತಕ್ಕೇ ಹರಿಯುತ್ತದೆ. ಐದು ಕಿಲೋದ ಮಹಶೀರ್ ಪ್ರವಾಹಕ್ಕೆ ಮೈ ಕೊಟ್ಟರೆ ಅದು ದಾರವೇ ಅಲ್ಲ. ರೀಲಿನ ‘ಡ್ರ್ಯಾಗ್’ ಅನ್ನು, ಅಂದರೆ ದಾರ ಬಿಟ್ಟುಕೊಡುವ ಬಿಗಿಯನ್ನು, ಅಂದಾಜಿನಲ್ಲಿ ತಿರುಗಿಸಬೇಡಿ. ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ ಎಳೆದು, ದಾರದ ಬಲದ ಕಾಲು ಭಾಗಕ್ಕೆ, ಅಂದರೆ ಸುಮಾರು 1.7 ಕಿಲೋಗೆ, ರೀಲ್ ಬಿಟ್ಟುಕೊಡುವಂತೆ ಹೊಂದಿಸಿ.

ಕೊಕ್ಕೆಯ ವಿಷಯದಲ್ಲಿ ಜಿಪುಣತನ ಬೇಡ. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ, ಶಂಖದಹುಳವನ್ನು ಅಲ್ಲಿಗೆ ನೂಕಿ ಪುಡಿ ಮಾಡುವ ಮೀನು ಅದು. ಸಪೂರ ತಂತಿಯ ಕೊಕ್ಕೆ ನೆಟ್ಟಗಾಗಿ ವಾಪಸು ಬರುತ್ತದೆ. ದಪ್ಪ ತಂತಿಯದ್ದೇ ತೆಗೆದುಕೊಂಡು, ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಬಟ್ಟೆಗೆ ಚುಚ್ಚಿ ಎಳೆದಾಗ ಸಿಕ್ಕಿಕೊಳ್ಳದೆ ಬಂದರೆ ಸರಿಯಾಗಿದೆ ಎಂದರ್ಥ.

ಒಂದೇ ಒಂದು ಫ್ಲೈ ಕಟ್ಟಲು ಕಲಿಯುವುದಾದರೆ ವೂಲಿ ಬಗರ್ ಕಲಿಯಿರಿ, 4 ಅಥವಾ 6ನೇ ನಂಬರಿನ ಕೊಕ್ಕೆಗೆ, ಕಪ್ಪು ಅಥವಾ ಆಲಿವ್ ಬಣ್ಣದಲ್ಲಿ. (ಕೊಕ್ಕೆಯ ನಂಬರ್ ಉಲ್ಟಾ ಲೆಕ್ಕ, ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು.) ಕೊಕ್ಕೆಯ ಕಾಲಿನ ಮುಂಭಾಗಕ್ಕೆ ಸೀಸದ ತಂತಿ ಹತ್ತು ಹನ್ನೆರಡು ಸುತ್ತು. ಅದರ ಮೇಲೆ ದಾರ ಓಡಿಸಿ, ಬಾಗಿನ ಹತ್ತಿರ ಮ್ಯಾರಬೂ ಎಂಬ ಮೆತ್ತನೆಯ ಗರಿಯ ಬಾಲ ಕಟ್ಟಿ. ಬಾಲ ಕೊಕ್ಕೆಯ ಕಾಲಿನಷ್ಟೇ ಉದ್ದವಿರಲಿ. ಹೆಚ್ಚಾದರೆ ಮೀನು ಬಾಲದ ತುದಿ ಕಚ್ಚಿ ಬಿಡುತ್ತದೆ, ಕೊಕ್ಕೆ ಬಾಯಿಗೆ ಹೋಗುವುದೇ ಇಲ್ಲ. ಅದೇ ಜಾಗದಲ್ಲಿ ಹುಂಜದ ಗರಿಯ ತುದಿಯನ್ನೂ ಶೆನೀಲ್ ಎಂಬ ರೋಮದಂಥ ನೂಲನ್ನೂ ಕಟ್ಟಿಕೊಂಡು, ಮೊದಲು ನೂಲನ್ನು ಮುಂದಕ್ಕೆ ಸುತ್ತಿ, ಆಮೇಲೆ ಅದರ ಮೇಲೆ ಗರಿಯನ್ನು ಐದಾರು ಸುತ್ತು ಬಿಡಿಬಿಡಿಯಾಗಿ ತನ್ನಿ. ಎಲ್ಲರೂ ಕೆಡಿಸುವುದು ಇಲ್ಲಿ, ನೂಲು ಗರಿ ಎರಡನ್ನೂ ಕೊಕ್ಕೆಯ ಕಣ್ಣಿನವರೆಗೂ ತಂದು, ಕೊನೆಯ ಗಂಟಿಗೆ ಜಾಗವೇ ಇಲ್ಲದಂತೆ ಮಾಡಿಕೊಳ್ಳುತ್ತಾರೆ. ಕಣ್ಣಿನ ಹಿಂದೆ ಎರಡು ಮಿಲಿಮೀಟರ್ ಖಾಲಿ ಬಿಡಿ. ಗರಿ ಮನೆಯ ಹುಂಜದ್ದೇ ಸಾಕು. ನಮ್ಮ ಕಾಡುಕೋಳಿಯ ಕತ್ತಿನ ಚುಕ್ಕಿಗರಿಗೆ ಒಂದು ಕಾಲದಲ್ಲಿ ಇಂಗ್ಲೆಂಡಿನ ಫ್ಲೈ ಕಟ್ಟುವವರು ಪ್ರಾಣ ಬಿಡುತ್ತಿದ್ದರು. ಆದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಹಕ್ಕಿ, ಕಾಸು ಕೊಟ್ಟರೂ ಮುಟ್ಟುವ ಹಾಗಿಲ್ಲ.

ಕಾಲ ಯಾವುದು? ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಹೊಳೆ ಕೆಂಪಗೆ ದಡ ಮೀರಿರುತ್ತದೆ, ಮೊಟ್ಟೆಯಿಡಲು ಮೀನು ಮೇಲಕ್ಕೆ ಹೋಗುವುದೂ ಮಳೆಗಾಲದಲ್ಲೇ. ಅದನ್ನು ಆಗ ಅದರ ಪಾಡಿಗೆ ಬಿಡಬೇಕು. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದು, ಸೊಂಟದಾಳದ ನೀರಲ್ಲಿ ತಳದ ಕಲ್ಲು ಕಾಣತೊಡಗಿದರೆ ಶುರು. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ದಡದುದ್ದಕ್ಕೂ ಪಂಪ್ ಓಡುತ್ತವೆ, ಹೊಳೆ ಸೊರಗುತ್ತದೆ, ಮೀನು ಆಳದ ಮಡುಗಳಿಗೆ ಸೇರಿಕೊಳ್ಳುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೆಯ ದಿನ ನೋಡಿ, ನೀರು ನಾಲ್ಕು ಬೆರಳು ಏರಿ ತಿಳಿ ಚಹಾದ ಬಣ್ಣಕ್ಕೆ ಬಂದರೆ ಮಡುವಿನ ಮೀನು ಮತ್ತೆ ಓಡಾಡುತ್ತದೆ.

ನೀರು ಓದುವ ವಿಷಯದಲ್ಲಿ ಟ್ರೌಟ್ ಪಾಠ ಅರ್ಧ ಉಪಯೋಗಕ್ಕೆ ಬರುತ್ತದೆ. ರಭಸ ಮುಗಿದು ಮಡು ಶುರುವಾಗುವ ಜಾಗ, ಓಡುವ ನೀರಿಗೂ ನಿಂತ ನೀರಿಗೂ ನಡುವಿನ ನೊರೆಗೆರೆ, ದೊಡ್ಡ ಬಂಡೆಯ ಮುಂದೆ ನೀರು ಉಬ್ಬುವ ಕಡೆ, ಇವು ಎರಡೂ ಮೀನಿಗೆ ಒಂದೇ. ಟ್ರೌಟ್ ಪಾಠದಲ್ಲಿ ಇಲ್ಲದ್ದು ಅತ್ತಿಮರ. ಹೊಳೆಯ ಮೇಲೆ ಬಾಗಿದ ಅತ್ತಿಯ ಹಣ್ಣು ನೀರಿಗೆ ಬೀಳುವ ಕಾಲದಲ್ಲಿ ಮಹಶೀರ್ ಅದರ ಕೆಳಗೆ ಕಾಯುತ್ತದೆ. ಆಗ ಬಗರ್ ಕೆಲಸ ಮಾಡುವುದಿಲ್ಲ. ಫೋಮಿನಲ್ಲಿ ಉರುಟಾಗಿ ಕಟ್ಟಿದ ಕೆಂಗಂದು ಬಣ್ಣದ ಹಣ್ಣನ್ನು ‘ಟಪ್’ ಎಂದು ಸದ್ದಾಗುವಂತೆ ಬೀಳಿಸಿ, ಎಳೆಯದೆ ಸುಮ್ಮನೆ ತೇಲಬಿಡಬೇಕು. ಟ್ರೌಟ್‌ಗೆ ಹಗುರವಾಗಿ ಇಳಿಸಿ ಅಭ್ಯಾಸವಾದವರಿಗೆ ಈ ಸದ್ದು ಮಾಡುವುದೇ ಕಷ್ಟ.

ದಡದಲ್ಲಿ ಬಿದಿರುಮೆಳೆ, ಹಿಂದೆ ತೋಟದ ಬೇಲಿ. ಲೈನನ್ನು ಹಿಂದಕ್ಕೆ ಬೀಸಲು ಜಾಗವೇ ಇರುವುದಿಲ್ಲ, ಹಾಗಾಗಿ ರೋಲ್ ಕಾಸ್ಟ್ ಗೊತ್ತಿಲ್ಲದೆ ಇಲ್ಲಿ ನಡೆಯದು. ರಾಡನ್ನು ನಿಧಾನಕ್ಕೆ ಎತ್ತಿ ಕಿವಿಯ ಪಕ್ಕಕ್ಕೆ ತನ್ನಿ, ಲೈನ್ ಭುಜದ ಹಿಂದೆ ಇಂಗ್ಲಿಷ್ ಡಿ ಅಕ್ಷರದಂತೆ ಜೋತುಬಿದ್ದು ನಿಲ್ಲುವವರೆಗೆ ತಡೆಯಿರಿ, ಆಮೇಲೆ ಮುಂದಕ್ಕೆ ಬೀಸಿ ತಟ್ಟನೆ ನಿಲ್ಲಿಸಿ. ಲೈನ್ ಮುಂದೆ ರಾಶಿ ಬಿದ್ದರೆ ತಪ್ಪು ತೋಳಿನ ಬಲದ್ದಲ್ಲ. ಹಿಂದೆ ನಿಲ್ಲುವ ಮೊದಲೇ ಬೀಸಿದ್ದೀರಿ. ಫ್ಲೈ ಹರಿವಿಗೆ ಅಡ್ಡಲಾಗಿ, 45 ಡಿಗ್ರಿ ಕೆಳಮುಖವಾಗಿ ಬೀಳಲಿ. ನಡುವಿನ ರಭಸ ಲೈನಿನ ಹೊಟ್ಟೆಯನ್ನು ಎಳೆದುಕೊಂಡು ಹೋಗುವ ಮುನ್ನ ಅದನ್ನು ರಾಡ್ ತುದಿಯಿಂದ ಮೇಲ್ಹರಿವಿನ ಕಡೆಗೆ ಎತ್ತಿ ಹಾಕಿ.

ಕಚ್ಚಿದಾಗ ಏನು ಮಾಡುತ್ತೀರಿ ಎನ್ನುವುದರಲ್ಲೇ ಟ್ರೌಟ್‌ನವರು ಸೋಲುವುದು. ಟ್ರೌಟ್ ಒಣ ಫ್ಲೈ (ನೀರ ಮೇಲೆ ತೇಲುವ ಫ್ಲೈ) ನುಂಗಿದರೆ ರಾಡ್ ಎತ್ತಬೇಕು, ಅದು ಕೈಗೆ ಹತ್ತಿದ ಚಟ. ಮಹಶೀರ್ ಬಗರ್ ಕಚ್ಚಿದಾಗ ರಾಡ್ ಎತ್ತಿದರೆ, ಮೆತ್ತನೆಯ ತುದಿ ಬಾಗಿ ಬಲವನ್ನೆಲ್ಲ ತಾನೇ ಕುಡಿಯುತ್ತದೆ. ದಪ್ಪ ತುಟಿಗೆ ಕೊಕ್ಕೆ ಇಳಿಯುವುದಿಲ್ಲ, ಫ್ಲೈ ಬಾಯಿಂದ ಜಾರಿ ಮೇಲೆ ಬರುತ್ತದೆ. ರಾಡಿನ ತುದಿ ನೀರಿನ ಕಡೆಗೇ ನೆಟ್ಟಗಿರಲಿ. ಎಡಗೈಯಲ್ಲಿ ಹಿಡಿದ ಲೈನನ್ನು ಒಂದು ಮೊಳ ಬಿಗಿಯಾಗಿ ಹಿಂದಕ್ಕೆಳೆಯಿರಿ, ಭಾರ ಹತ್ತಿದರೆ ಇನ್ನೊಮ್ಮೆ. ಆಮೇಲೆ ರಾಡ್ ಎತ್ತಿ. ಮರುಕ್ಷಣ ಮೀನನ್ನು ಮರೆತು ಕಾಲಬುಡ ನೋಡಿ. ಸಡಿಲ ಬಿದ್ದ ಲೈನ್ ಬೆರಳಿಗೋ ಗುಂಡಿಗೋ ಸುತ್ತಿಕೊಂಡಿದ್ದರೆ ಮೊದಲ ಓಟದಲ್ಲೇ ದಾರ ಹರಿಯುತ್ತದೆ. ಆ ಓಟವನ್ನು ತಡೆಯಲು ಹೋಗಬೇಡಿ. ಅದು ನಿಂತ ಮೇಲೆ ರಾಡನ್ನು ಅಡ್ಡ ಮಲಗಿಸಿ, ಮೀನಿನ ತಲೆ ದಡದ ಕಡೆ ತಿರುಗುವಂತೆ ಪಕ್ಕದಿಂದ ಎಳೆಯಿರಿ, ಮೇಲಕ್ಕೆತ್ತಿ ಎಳೆಯುವುದಕ್ಕಿಂತ ಬೇಗ ದಣಿಯುತ್ತದೆ.

ಹಾರಂಗಿ ಕಾವೇರಿಗೆ ಸೇರುವ ಕೂಡಿಗೆಯಿಂದ ಕೆಳಗೆ ನಿಲ್ಲುವವರು, ಇಳಿಯುವ ಮುನ್ನ ನೀರಿನ ಅಂಚಿಗೆ ಒಂದು ಕಲ್ಲು ಗುರುತು ಇಟ್ಟುಕೊಳ್ಳಿ. ಹಾರಂಗಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮಳೆ ಮೋಡ ಏನೂ ಇಲ್ಲದೆ ಹೊಳೆ ಏರುತ್ತದೆ. ಕಲ್ಲು ಮುಳುಗಿದರೆ ಮೀನು ಗಾಳದಲ್ಲಿದ್ದರೂ ದಡಕ್ಕೆ ನಡೆಯಬೇಕು. ದುಬಾರೆ ಕಡೆ ಮುಸ್ಸಂಜೆ ಆನೆ ನೀರಿಗಿಳಿಯುವ ಹೊತ್ತು, ಅಷ್ಟರೊಳಗೆ ಗಂಟುಮೂಟೆ ಕಟ್ಟಿರಿ.

ಬಿಡುವಾಗ ಟ್ರೌಟ್‌ಗಿಂತ ಹೆಚ್ಚು ಎಚ್ಚರ ಬೇಕು, ಏಕೆಂದರೆ ನೀರು ಬೆಚ್ಚಗಿರುತ್ತದೆ. 15 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 25 ಡಿಗ್ರಿಯಲ್ಲಿ 8ರ ಆಸುಪಾಸು. ಏಪ್ರಿಲ್‌ನಲ್ಲಿ ಬೆಳಗಿನ ಒಂಬತ್ತರ ನಂತರ ಗಾಳ ಹಾಕದಿರುವುದೇ ಮೇಲು. ರಬ್ಬರ್ ಬಲೆಯಲ್ಲಿ, ನೀರೊಳಗೇ ಇಟ್ಟು, ಒದ್ದೆ ಕೈಯಿಂದ ಕೊಕ್ಕೆ ಬಿಡಿಸಿ. ಫೋಟೊ ಬೇಕೇ ಬೇಕೆಂದರೆ ಕ್ಯಾಮೆರಾದವರು ಸಿದ್ಧರಾದ ಮೇಲೆ ಎತ್ತಿ, ಹತ್ತು ಎಣಿಸುವಷ್ಟರಲ್ಲಿ ಇಳಿಸಿ. ತಲೆಯನ್ನು ಹರಿವಿಗೆದುರಾಗಿ ಹಿಡಿದಿರಿ, ಹಿಂದೆ ಮುಂದೆ ಅಲುಗಾಡಿಸಬೇಡಿ. ಹಿಂದಿನಿಂದ ಬಂದ ನೀರು ಕಿವಿರಿಗೆ ಉಪಯೋಗವಿಲ್ಲ. ಬಾಲದ ಬುಡದ ಮೇಲಿನ ನಿಮ್ಮ ಹಿಡಿತವನ್ನು ಅದು ತಾನೇ ಒದೆಯುವವರೆಗೆ ಕಾಯಿರಿ.

ಆಮೇಲೆ ದಾರದ ಕೊನೆಯ ಒಂದಡಿಯನ್ನು ಎರಡು ಬೆರಳ ನಡುವೆ ಎಳೆದು ನೋಡಿ. ಬಂಡೆಗೆ ತೀಡಿದ ತರಿ ಉಗುರಿಗೆ ಸಿಗುತ್ತದೆ. ಅಷ್ಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡು, ಉಗುಳಿನಲ್ಲಿ ಒದ್ದೆ ಮಾಡಿ ಹೊಸ ಗಂಟು ಬಿಗಿಯಿರಿ.