ಮಂಗನ ಕಾಯಿಲೆಯ ಗಿಗಾಮ್ಯಾಪ್: ಬಾಣಗಳಿಗೆ ಚಿಹ್ನೆ ಹಾಕುವ ಹಂತ

ಕಾಡಿನ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಹರಡುವ ವೈರಸ್ ಜ್ವರ ಮಂಗನ ಕಾಯಿಲೆ. ಶಿರಸಿ, ಸಿದ್ದಾಪುರ ಸೀಮೆಯ ಅದರ ನಕ್ಷೆ ಗೋಡೆ ಹತ್ತಿದೆ. ಓಸ್ಲೋದಲ್ಲಿ ವಿನ್ಯಾಸದ ಪ್ರಾಧ್ಯಾಪಕ ಬಿರ್ಗರ್ ಸೆವಾಲ್ಡ್‌ಸನ್ ಬೆಳೆಸಿದ ಗಿಗಾಮ್ಯಾಪ್ ವಿಧಾನವಿದು. ಸಮಸ್ಯೆಗೆ ತಾಗಿದ್ದನ್ನೆಲ್ಲ ಒಂದೇ ದೊಡ್ಡ ಹಾಳೆಗೆ ತಂದು, ಆಮೇಲೆ ಸಂಬಂಧ ಎಳೆಯುವುದು. ಹಾಳೆ 10 ಅಡಿ ಉದ್ದ, 4 ಅಡಿ ಅಗಲದ ಕಂದು ಕಾಗದ. ಘಟ್ಟದ ಮೇಲಿನ ಮಳೆಗಾಲದಲ್ಲಿ ಅಂಟುಚೀಟಿ ನಿಲ್ಲುವುದಿಲ್ಲ, ಗುಂಡುಪಿನ್ನೇ ಸೈ.

ಚೀಟಿಯಲ್ಲಿ ಬರೆದದ್ದು ಏರಿಳಿಯುವಂಥದ್ದಾಗಿರಬೇಕು. ‘ಅರಿವಿನ ಕೊರತೆ’ ಎಂಬ ಚೀಟಿ ಹಾಕಿದರೆ ಬಾಣಗಳೆಲ್ಲ ಅಲ್ಲಿಗೇ ಓಡುತ್ತವೆ, ನಕ್ಷೆ ಸತ್ತುಹೋಗುತ್ತದೆ. ‘ದಿನಕ್ಕೆ ಎಷ್ಟು ಜನ ಬೆಟ್ಟಕ್ಕೆ’, ‘ಸೋಂಕಿತ ಉಣುಗಿನ ಸಂಖ್ಯೆ’ ಇವು ಸರಿ. ಒಂದು ಏರಿದರೆ ಇನ್ನೊಂದೂ ಏರುವಲ್ಲಿ ಅಧಿಕ ಚಿಹ್ನೆ, ಇಳಿಯುವಲ್ಲಿ ಋಣ ಚಿಹ್ನೆ, ತಡವಾಗುವಲ್ಲಿ ಬಾಣಕ್ಕೆ ಅಡ್ಡ ಎರಡು ಗೀರು.

ಈ ಹಂತದಲ್ಲಿ ಎರಡು ಕಡೆ ನಕ್ಷೆ ದಾರಿ ತಪ್ಪುತ್ತದೆ. ಕೊರೋನಾ ನೋಡಿದ ಕಣ್ಣಿಗೆ ಮನುಷ್ಯನಿಂದ ಮನುಷ್ಯನಿಗೆ ಬಾಣ ಎಳೆಯುವುದು ಸಹಜ. ಇಲ್ಲಿ ಅದಿಲ್ಲ, ಸೋಂಕು ಮನುಷ್ಯನಲ್ಲಿಗೆ ಬಂದು ನಿಲ್ಲುತ್ತದೆ, ಹೊರಟಲ್ಲಿಗೇ ಮರಳುವ ಬಾಣಗಳ ಸುತ್ತು ಮುಚ್ಚುವುದು ಕಾಡಿನೊಳಗೆ. ಇನ್ನೊಂದು ದನ. ದನ ಉಣುಗನ್ನು ಹೆಚ್ಚಿಸುತ್ತದೆ, ವೈರಸ್ಸನ್ನಲ್ಲ. ಹಾಗಾಗಿ ‘ಉಣುಗು’ ಮತ್ತು ‘ಸೋಂಕಿತ ಉಣುಗು’ ಬೇರೆ ಬೇರೆ ಚೀಟಿಯಾಗಲೇಬೇಕು. ಒಂದೇ ಮಾಡಿದರೆ ಕೊಟ್ಟಿಗೆಯೇ ಅಪರಾಧಿಯಾಗಿ ಕಾಣುತ್ತದೆ.

ಮುಖ್ಯ ಸುತ್ತು ಹೀಗೆ: ಸೋಂಕಿತ ಮರಿ ಉಣುಗು ಹೆಚ್ಚಿದಷ್ಟೂ ಮಂಗ, ಮುಸ್ಯ (ಕಪ್ಪು ಮೋರೆಯ ಮಂಗ) ಸಾಯುತ್ತವೆ, ಹೆಣದಿಂದ ಇಳಿದ ಉಣುಗು ಆ ಜಾಗದಲ್ಲೇ ಉಳಿದು ಮುಂದಿನ ಮಂಗಕ್ಕೋ ಮನುಷ್ಯನಿಗೋ ಹತ್ತುತ್ತದೆ. ಇದನ್ನು ತಡೆಯುವ ಸುತ್ತು ಸತ್ತ ಮಂಗದ ಸುದ್ದಿ, ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ. ಎರಡು ಗೀರು ಬಿದ್ದಿರುವುದು ಈ ಸುದ್ದಿಯ ಬಾಣದ ಮೇಲೆ. ಕಚ್ಚಿದ ಮೇಲೆ ಜ್ವರಕ್ಕೆ 3ರಿಂದ 8 ದಿನ. ರೋಗಿಯಿಂದ ಎಚ್ಚರಗೊಳ್ಳುವ ವ್ಯವಸ್ಥೆ ಅಷ್ಟು ಹಿಂದೆ ಬಿದ್ದಿರುತ್ತದೆ, ಮಂಗದ ಹೆಣ ಅದಕ್ಕಿಂತ ಮುಂಚಿನ ಸೂಚನೆ. ಹಳೆಯ ಲಸಿಕೆ 2022ರಲ್ಲಿ ನಿಂತದ್ದರಿಂದ ಈ ಬಾಣದ ತೂಕ ಹೆಚ್ಚಿದೆ.

ನಕ್ಷೆಯ ಗಡಿಯನ್ನು ಆಸ್ಪತ್ರೆಗೆ ನಿಲ್ಲಿಸಿದರೆ ಅಡಿಕೆ ತೋಟ ಹೊರಗುಳಿಯುತ್ತದೆ. ಇಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತಿದೆ. ದರಕು (ಉದುರಿದ ಒಣ ಎಲೆ) ಗುಡಿಸುವ ಚಳಿಗಾಲ, ಬೇಸಿಗೆಯ ಕೆಲಸವೂ ಮರಿ ಉಣುಗಿನ ಕಾಲವೂ ಒಂದರ ಮೇಲೊಂದು ಕೂತಿವೆ. ‘ಕಾಡಿಗೆ ಹೋಗಬೇಡಿ’ ಎನ್ನುವ ಸೂಚನೆ ಸೋಲುವುದು ಇಲ್ಲಿ: ತೋಟಕ್ಕೆ ಗೊಬ್ಬರ ಬೇಕು, ಗುಡಿಸುವವರಿಗೆ ಕೂಲಿ ಬೇಕು. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ ಆ ಕೂಲಿ ಜೊತೆಗೇ ಕೈ ಸೇರುವ ದಾರಿ ಹುಡುಕುವುದು ಹೆಚ್ಚು ಫಲ ಕೊಟ್ಟೀತು. ಆ ಚೀಟಿಗೆ ಹಸಿರು ಪಿನ್ನು ಹಾಕಿದೆ.

ಮುಂದಿನ ಕೆಲಸ ಸುದ್ದಿಯ ಬಾಣವನ್ನು ಬಿಡಿಸುವುದು. ಹೆಣ ಕಂಡವರು, ಆಶಾ ಕಾರ್ಯಕರ್ತೆ, ಅರಣ್ಯ ಗಾರ್ಡ್, ಪಶುವೈದ್ಯರು, ಪುಡಿ ಎರಚುವವರು: ಪ್ರತಿ ಕೈಬದಲಿಗೂ ಒಂದು ಚೀಟಿ, ಅದರ ಕೆಳಗೆ ಹಿಡಿಯುವ ಗಂಟೆಗಳು. ಆ ಗಂಟೆಗಳನ್ನು ಅವರ ಬಾಯಿಂದಲೇ ಕೇಳಿ ಬರೆಯಬೇಕು.