ಎರಡು ಎಂಜಿನ್ ಬೋಟ್: ಫ್ಯಾನ್ ಯಾವ ಕಡೆ ತಿರುಗುತ್ತದೆ ನೋಡಿದ್ರಾ?

ಎರಡು ಔಟ್‌ಬೋರ್ಡ್ ಎಂಜಿನ್ (ಬೋಟಿನ ಹಿಂದಿನ ಹಲಗೆಗೆ ಹೊರಗಿನಿಂದ ಕೂರಿಸುವ ಎಂಜಿನ್) ಇರುವ ಬೋಟ್ ಯಾವ ದೂರು ಹೊತ್ತು ಬಂದರೂ, ಸ್ಪ್ಯಾನರ್ ಮುಟ್ಟುವ ಮೊದಲು ನಾನು ಹಿಂದೆ ಹೋಗಿ ನಿಂತು ಎರಡೂ ಫ್ಯಾನ್, ಅಂದರೆ ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್, ನೋಡುತ್ತೇನೆ. ಯಾವುದು ಬಲ ಸುತ್ತು (ಫಾರ್ವರ್ಡ್ ಗೇರಿನಲ್ಲಿ ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುವುದು), ಯಾವುದು ಎಡ ಸುತ್ತು (ಅದರ ಉಲ್ಟಾ), ಯಾವುದು ಯಾವ ಬದಿಯಲ್ಲಿದೆ. ಇಲ್ಲಿ ಕಾಸರಗೋಡಿನ ಮಂಜೇಶ್ವರ, ಕುಂಬಳೆ ಕಡೆ ನಮಗೆ ಮೀನಿನ ದೋಣಿಗಳ ಕೆಲಸವೇ ಜಾಸ್ತಿ. ಆ 9.9, 25, 40 ಎಚ್‌ಪಿ ಎಂಜಿನ್‌ಗಳು ಬಲ ಸುತ್ತಿನವು. ಅದನ್ನೇ ನೋಡಿ ನೋಡಿ ಎಡ ಸುತ್ತಿನ ಎಂಜಿನ್ ಅಂತ ಒಂದಿದೆ ಅನ್ನುವುದೇ ಎಷ್ಟೋ ಹುಡುಗರ ತಲೆಗೆ ಬರುವುದಿಲ್ಲ.

ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಒಂದು ಸ್ಪೀಡ್ ಬೋಟ್ ಮಳೆಗಾಲ ಮುಗಿದ ಮೇಲೆ ನಮ್ಮಲ್ಲಿಗೆ ಬಂತು. ಹಿಂದಿನ ಹಲಗೆ ಕೊಳೆತು ಕುಂಬಾಗಿತ್ತು ಅಂತ ಬೇರೆ ಕಡೆ ಎರಡೂ ಎಂಜಿನ್ ಇಳಿಸಿ, ಹಲಗೆ ಸರಿ ಮಾಡಿಸಿ, ಮತ್ತೆ ಕೂರಿಸಿದ್ದರು. ಡ್ರೈವರ್ ಹೇಳಿದ್ದು ಇಷ್ಟು: "ಓಡುವಾಗ ಎಂತ ತೊಂದರೆಯೂ ಇಲ್ಲ ಅಣ್ಣ. ಜೆಟ್ಟಿ ಹತ್ತಿರ ಬಂದಾಗ ಮಾತ್ರ ಮೊದಲಿನ ಹಾಗೆ ನಿಂತಲ್ಲೇ ತಿರುಗುವುದಿಲ್ಲ." ಅಷ್ಟರಲ್ಲಿ ಗೇರ್ ಕೇಬಲ್ ಬದಲಾಗಿತ್ತು, ಸ್ಟಿಯರಿಂಗ್ ಎಣ್ಣೆಯೂ ಬದಲಾಗಿತ್ತು. ದುಡ್ಡು ಹೋಯಿತು, ದೂರು ಹಾಗೇ ಉಳಿಯಿತು. ಹಿಂದೆ ನಿಂತು ನೋಡಿದರೆ ಎಡಗಡೆಯ ಎಂಜಿನ್ ಬಲಕ್ಕೆ, ಬಲಗಡೆಯದ್ದು ಎಡಕ್ಕೆ ಕೂತಿದೆ!

ಓಡುವಾಗ ಗೊತ್ತಾಗುವುದಿಲ್ಲ ಯಾಕೆ ಅಂದರೆ, ಒಂದು ಫ್ಯಾನ್ ಆ ಕಡೆ ಎಳೆದರೆ ಇನ್ನೊಂದು ಈ ಕಡೆ ಎಳೆಯುತ್ತದೆ, ಬದಿ ಅದಲುಬದಲಾದರೂ ಲೆಕ್ಕ ಸರಿಯಾಗಿಯೇ ಇರುತ್ತದೆ. ಸ್ಟಿಯರಿಂಗ್ ಹಗುರ, ಬೋಟ್ ನೇರ. ನಿಧಾನಕ್ಕೆ ತಿರುಗಿಸುವಾಗ ಮಾತ್ರ ವಿಷಯ ಬೇರೆ.

ಫ್ಯಾನ್ ನೀರನ್ನು ಹಿಂದಕ್ಕೆ ತಳ್ಳುವುದು ಮಾತ್ರವಲ್ಲ, ಬೋಟಿನ ಹಿಂಭಾಗವನ್ನು ಸ್ವಲ್ಪ ಪಕ್ಕಕ್ಕೂ ಒಯ್ಯುತ್ತದೆ. ಹಿಂದಿನಿಂದ ನೋಡುವಾಗ ಗಡಿಯಾರದ ದಿಕ್ಕಿಗೆ ತಿರುಗುತ್ತಿದ್ದರೆ ಹಿಂಭಾಗ ಬಲಕ್ಕೆ ಸರಿಯುತ್ತದೆ, ಉಲ್ಟಾ ತಿರುಗಿದರೆ ಎಡಕ್ಕೆ. ಸಾಮಾನ್ಯವಾಗಿ ಬಲಗಡೆ ಬಲ ಸುತ್ತು, ಎಡಗಡೆ ಎಡ ಸುತ್ತು ಇಡುತ್ತಾರೆ. ಮುಂಭಾಗವನ್ನು ಎಡಕ್ಕೆ ತಿರುಗಿಸಬೇಕಾದರೆ ಬಲ ಎಂಜಿನ್ ಫಾರ್ವರ್ಡ್, ಎಡ ಎಂಜಿನ್ ರಿವರ್ಸ್. ಎಡ ಸುತ್ತಿನ ಎಂಜಿನ್ ರಿವರ್ಸ್‌ಗೆ ಬಿದ್ದ ಕೂಡಲೇ ಅದರ ಫ್ಯಾನ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಅಲ್ವಾ? ಆಗ ಎರಡೂ ಫ್ಯಾನ್ ಸೇರಿ ಹಿಂಭಾಗವನ್ನು ಬಲಕ್ಕೆ ತಳ್ಳುತ್ತವೆ, ತಿರುಗುವುದಕ್ಕೆ ಅದು ಸಹಾಯ. ಎಂಜಿನ್ ಅದಲುಬದಲಾದರೆ ಅದೇ ತಳ್ಳಾಟ ಎಡಕ್ಕೆ ಬಂದು ತಿರುಗುವುದನ್ನೇ ತಡೆಯುತ್ತದೆ. ಔಟ್‌ಬೋರ್ಡ್ ಎಂಜಿನ್‌ಗಳು ಮೊದಲೇ ಹತ್ತಿರ ಹತ್ತಿರ ಕೂತಿರುತ್ತವೆ, ತಿರುಗಿಸುವ ಬಲ ಕಡಿಮೆ, ಅದರಲ್ಲೂ ಹೀಗೆ ಕಳೆದುಹೋದರೆ ಡ್ರೈವರ್ ಏನು ಮಾಡಿಯಾನು? ಥ್ರಾಟಲ್ ಜಾಸ್ತಿ ಕೊಡುತ್ತಾನೆ. ಜನ ತುಂಬಿದ ಜೆಟ್ಟಿಯ ಪಕ್ಕದಲ್ಲಿ ಅದು ನಿಜವಾಗಿಯೂ ಅಪಾಯ. ಕೆಲವು ಕ್ಯಾಟಮರಾನ್‌ಗಳಲ್ಲಿ (ಎರಡು ಒಡಲಿನ ಬೋಟ್) ಬೇಕೆಂದೇ ಒಳಮುಖವಾಗಿ ತಿರುಗುವಂತೆ ಇಡುತ್ತಾರೆ, ಅದು ಬೇರೆ ಲೆಕ್ಕ.

ಇಂಥದ್ದು ಯಾಕೆ ಆಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ 52 ದಿನ, ಗಡಿಯ ತಲಪಾಡಿ ದಾಟಿದರೆ ಕರ್ನಾಟಕದಲ್ಲಿ 61 ದಿನ. ಎಲ್ಲರ ರಿಪೇರಿಯೂ ಆ ಮಳೆಯಲ್ಲೇ ಬಂದು ಬೀಳುತ್ತದೆ. ನೆಲದ ಮೇಲೆ ಸಾಲಾಗಿ ಎಂಜಿನ್, ಹೊರಗಿನಿಂದ ಎಲ್ಲ ಒಂದೇ ಥರ. ಇಳಿಸುವ ಮೊದಲೇ ಕವರಿನ ಮೇಲೂ ಫ್ಯಾನಿನ ಮೇಲೂ ಎಡ, ಬಲ ಅಂತ ಪೇಂಟ್ ಮಾರ್ಕರ್‌ನಲ್ಲಿ ಬರೆಯಬೇಕು. ನಮ್ಮಲ್ಲಿ ಬರೆಯದೆ ಬೋಲ್ಟ್ ಬಿಚ್ಚುವಂತಿಲ್ಲ.

ಬಿಚ್ಚಿಟ್ಟ ಫ್ಯಾನ್ ಯಾವ ಸುತ್ತಿನದು ಅಂತ ತಿಳಿಯುವುದು ಸುಲಭ. ನಡುವಿನ ತೂತು ಮೇಲೆ-ಕೆಳಗೆ ಬರುವಂತೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ನಿಮ್ಮ ಎದುರಿಗಿರುವ ಎಲೆ (ಬ್ಲೇಡ್) ನೋಡಿ. ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರಿದ್ದರೆ ಬಲ ಸುತ್ತು, ಮಾಮೂಲಿ ಬೋಲ್ಟಿನ ಥ್ರೆಡ್ ಇದ್ದ ಹಾಗೆ. ತಲೆಕೆಳಗಾಗಿ ಇಟ್ಟರೂ ಉತ್ತರ ಬದಲಾಗುವುದಿಲ್ಲ.

ಎರಡೂ ಬಲ ಸುತ್ತಿನ ಎಂಜಿನ್ ಇರುವ ದೋಣಿಗಳೂ ಇಲ್ಲಿ ಇವೆ. ಅಲ್ಲಿ ಸ್ಟಿಯರಿಂಗ್ ಸಾಮಾನ್ಯವಾಗಿ ಬಲಕ್ಕೆ ಎಳೆಯುತ್ತದೆ. ಫ್ಯಾನಿನ ಮೇಲ್ಗಡೆ ಇರುವ ಸಣ್ಣ ರೆಕ್ಕೆಯನ್ನು, ಅಂದರೆ ಟ್ರಿಮ್ ಟ್ಯಾಬನ್ನು, ಎಳೆಯುವ ಬದಿಗೇ ಅದರ ಹಿಂದಿನ ಅಂಚು ಬರುವಂತೆ ಸ್ವಲ್ಪ ತಿರುಗಿಸಿದರೆ ಎಳೆತ ಕಡಿಮೆಯಾಗುತ್ತದೆ. ಹಲವು ಎಂಜಿನ್‌ಗಳಲ್ಲಿ ಉಪ್ಪು ನೀರಿನಿಂದ ಲೋಹವನ್ನು ಉಳಿಸುವ ಆನೋಡ್ ಕೂಡ ಅದೇ. ದಯವಿಟ್ಟು ಅದಕ್ಕೆ ಪೇಂಟ್ ಹೊಡೆಯಬೇಡಿ.

ಡ್ರೈವರ್‌ಗಳಿಗೆ ಒಂದು ಮಾತು. ಜೆಟ್ಟಿ ಹತ್ತಿರ ಸ್ಟಿಯರಿಂಗ್ ನೇರ ಇಟ್ಟು ಬರೀ ಗೇರಿನಲ್ಲೇ ತಿರುಗಿಸಿ ಅಭ್ಯಾಸ ಮಾಡಿ. ಗೇರ್ ಬದಲಿಸುವಾಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ನಿಲ್ಲಿಸಿ. ಗಾಳಿ, ಹೊಳೆಯ ಸೆಳೆತ ಎರಡೂ ಇಲ್ಲದ ಹೊತ್ತಿನಲ್ಲಿ ಕಲಿತರೆ, ಅಳಿವೆಯ ಹತ್ತಿರ ಇಳಿತದ ನೀರು ಎಳೆಯುವಾಗ ಕೈ ತಡವರಿಸುವುದಿಲ್ಲ. ಒಂದು ಎಂಜಿನ್ ಕೆಟ್ಟರೆ ಅದನ್ನು ನೀರಿನಿಂದ ಮೇಲಕ್ಕೆತ್ತಿ, ಇನ್ನೊಂದರಲ್ಲಿ ನಿಧಾನ ಬನ್ನಿ.

ಸ್ಪೇರ್ ಫ್ಯಾನ್ ಇಡುವವರು ಎರಡೂ ಸುತ್ತಿನದ್ದು ಇಡಬೇಕು. ಬಲ ಸುತ್ತಿನ ಫ್ಯಾನ್ ಎಡ ಸುತ್ತಿನ ಎಂಜಿನ್‌ಗೆ ಹಾಕಿದರೆ ಫಾರ್ವರ್ಡ್ ಗೇರಿನಲ್ಲಿ ಬೋಟ್ ಹಿಂದಕ್ಕೆ ಹೋಗುತ್ತದೆ. ಹಾಗಾದರೆ ರಿವರ್ಸ್ ಗೇರಿನಲ್ಲೇ ಮುಂದಕ್ಕೆ ಓಡಿಸಿದರಾಯಿತು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎಷ್ಟೋ ಎಂಜಿನ್‌ಗಳಲ್ಲಿ ರಿವರ್ಸ್ ಕಡೆಯ ಬೇರಿಂಗ್ ಅಷ್ಟು ಹೊತ್ತು ಅಷ್ಟು ಒತ್ತಡ ತಡೆಯಲು ಮಾಡಿದ್ದಲ್ಲ, ಗೇರ್ ಕೇಸೇ ಹೋಗುತ್ತದೆ.