ಗುಂಡಿ ಮೊದಲೋ, ಎಡ್ಜ್ ಬ್ಯಾಂಡ್ ಮೊದಲೋ

ಕಬೋರ್ಡ್ ಬಾಗಿಲಿನ ಒಳಗೆ ಅಡಗಿ ಕೂರುವ ಆಟೋ ಹಿಂಜಸ್‌ಗೆ, ಅಂದರೆ ಕೀಲಿಗೆ, 35 ಎಂಎಂ ಅಗಲದ ಗುಂಡಿ ಕೊರೆಯಬೇಕು. ನಾನು ಕೆಲಸ ಕಲಿತಾಗ ಮೂಲೆಮಟ್ಟ ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೈಯಲ್ಲೇ ಕೊರೆಯುತ್ತಿದ್ದೆವು. ನುಣುಪು ಲ್ಯಾಮಿನೇಟ್ ಹಾಳೆಯ ಮೇಲೆ ಡ್ರಿಲ್ ಬಿಟ್ ಮೊದಲ ಸುತ್ತಿಗೇ ಜಾರುತ್ತಿತ್ತು. ಮೇಸ್ತ್ರಿ ಬೈಗುಳ ಬೇರೆ.

ಆಮೇಲೆ ಜಿಗ್ ಕೊಂಡೆ, ಬಿಟ್ ಅನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಅಚ್ಚು ಅದು. ಬಾಗಿಲಿನ ಅಂಚಿಗೆ ಒತ್ತಿ ಕ್ಲ್ಯಾಂಪ್ ಬಿಗಿದರೆ ಸಾಕು, ಬಿಟ್ ಅಲುಗುವುದಿಲ್ಲ. ಅಂಚಿನಿಂದ ಗುಂಡಿಗೆ ಎಷ್ಟು ಜಾಗ ಬಿಡಬೇಕು ಅಂತ ಒಮ್ಮೆ ಸೆಟ್ ಮಾಡಿದರೆ ಎಲ್ಲ ಬಾಗಿಲಿಗೂ ಅದೇ. ಸಾಮಾನ್ಯವಾಗಿ 3ರಿಂದ 6 ಎಂಎಂ ಬಿಡುತ್ತಾರೆ, ನಾನು 4 ಇಡುತ್ತೇನೆ.

ಒಂದು ಮನೆಯ ಅಡುಗೆಮನೆ ಕೆಲಸ. 18 ಎಂಎಂ ಪ್ಲೈ, 14 ಬಾಗಿಲು. ಪ್ಲೈ ಅಂಚಿಗೆ ಅಂಟಿಸುವ 2 ಎಂಎಂ ದಪ್ಪದ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡ್, ಇನ್ನೂ ಬಂದಿರಲಿಲ್ಲ. ಸುಮ್ನೆ ಕೂರೋದು ಯಾಕೆ ಅಂತ ಗುಂಡಿಗಳನ್ನು ಕೊರೆದು ಮುಗಿಸಿದೆ. ಮರುದಿನ ಬ್ಯಾಂಡ್ ಅಂಟಿಸಿ ಬಾಗಿಲು ಕೂರಿಸಿದರೆ, ಜೋಡಿ ಬಾಗಿಲಿನ ನಡುವೆ 3 ಎಂಎಂ ಸಂದು ಇರಬೇಕಾದ ಕಡೆ 7! ಆಚೆ ಬದಿಯಲ್ಲಿ ಪಕ್ಕದ ಬಾಕ್ಸಿನ ಬಾಗಿಲಿಗೆ ಉಜ್ಜುತ್ತಿತ್ತು.

ಬಾಕ್ಸ್ ಓರೆಯಾಗಿದೆ ಅಂದುಕೊಂಡೆ. ಮಟ್ಟ ಇಟ್ಟು ನೋಡಿದೆ, ಸರಿಯಿತ್ತು. ಹಿಂಜ್ ಮಾಡಿದವರನ್ನೂ ಬೈದೆ. ಕೊನೆಗೆ ಟೇಪ್ ಹಿಡಿದರೆ ಅಂಚಿನಿಂದ ಗುಂಡಿಗೆ 6 ಎಂಎಂ. ಜಿಗ್ 4ಕ್ಕೇ ಕೊರೆದಿತ್ತು, ಮೇಲೆ 2 ಅಂಟಿಸಿದವನು ನಾನು. ಜೋಡಿಯ ಎರಡೂ ಬಾಗಿಲು ತಲಾ 2 ಎಂಎಂ ಹೊರಗೆ ಸರಿದು ನಡುವಿನ ಸಂದು 4 ಹೆಚ್ಚಾಗಿತ್ತು. ಹೊಟ್ಟೆ ಉರಿದದ್ದು ಇದಕ್ಕೆ: ಬಾಗಿಲು ಕತ್ತರಿಸುವಾಗ ಬ್ಯಾಂಡಿನ ಲೆಕ್ಕ ಹಿಡಿದಿದ್ದೆ, ಗುಂಡಿ ಕೊರೆಯುವಾಗ ಮರೆತಿದ್ದೆ. ಕೈಯಲ್ಲಿ ಕೊರೆದಿದ್ದರೆ ಒಂದೆರಡು ಬಾಗಿಲು ಕೆಡುತ್ತಿತ್ತೇನೋ. ಜಿಗ್ ಹದಿನಾಲ್ಕನ್ನೂ ಒಂದೇ ಅಚ್ಚಿನಲ್ಲಿ ಕೆಡಿಸಿತ್ತು.

ಬಾಗಿಲನ್ನು ಪಕ್ಕಕ್ಕೆ ಸರಿಸುವ ಹಿಂಜಿನ ಸ್ಕ್ರೂ ತಿರುಗಿಸಿ ಒಳಗೆಳೆದೆ. ಅದರಲ್ಲಿ ಸಿಗುವುದೇ ಸುಮಾರು 2 ಎಂಎಂ. ಹೇಗೋ ಸರಿಹೋಯಿತು, ಆದರೆ ಅಷ್ಟೂ ಅಲ್ಲೇ ಖಾಲಿ. ನಾಳೆ ಬಾಗಿಲು ಚೂರು ಸರಿದರೆ ಎಳೆಯಲು ಏನೂ ಉಳಿದಿಲ್ಲ.

ಈಗ ಬ್ಯಾಂಡ್ ಅಂಟಿ, ಅಂಚು ತೀಡಿ ಆದಮೇಲೇ ಗುಂಡಿ. ಅದೇ ಪ್ಲೈನ ಬ್ಯಾಂಡ್ ಹಾಕಿದ ತುಂಡಿನ ಮೇಲೆ ಮೊದಲು ಒಂದು ಕೊರೆದು ಹಿಂಜ್ ಕೂರಿಸಿ ನೋಡುತ್ತೇನೆ. ಆಳವೂ ಅಲ್ಲೇ ಗೊತ್ತಾಗುತ್ತದೆ: 12 ಎಂಎಂ ಸುತ್ತಮುತ್ತ ಬೇಕು, ಬಿಟ್ಟಿನ ಮೊನೆ ಇನ್ನೂ ಕೆಳಗಿಳಿಯುತ್ತದೆ. ಡ್ರಿಲ್ ಅದುರಿ ಆಳ ತಡೆಯುವ ರಿಂಗ್ ಸಡಿಲವಾದರೆ ಬಿಟ್ ಹೆಚ್ಚು ಇಳಿದು ಬಾಗಿಲಿನ ಮುಂಭಾಗದ ಲ್ಯಾಮಿನೇಟ್ ಉಬ್ಬಿಬಿಡುತ್ತದೆ, ಅದಕ್ಕೆ ಮೂರ್ನಾಲ್ಕು ಬಾಗಿಲಿಗೊಮ್ಮೆ ಅಲೆನ್ ಕೀ ಹಾಕಿ ಬಿಗಿಯುತ್ತೇನೆ. ಜಿಗ್ಗಿನ ಅಂಚಿಗೆ ಹೊಟ್ಟು ಮೆತ್ತಿದರೂ ಅಳತೆ ತಪ್ಪುತ್ತದೆ, ಹಾಗಾಗಿ ಪ್ರತಿ ಗುಂಡಿಗೂ ಬ್ರಷ್ ಆಡಿಸಬೇಕು.

"ಅಣ್ಣಾ, ವೇಸ್ಟ್ ತುಂಡಿಗೆ ಇಷ್ಟು ಹೊತ್ತು ಯಾಕೆ?" ಅಂತ ನಮ್ಮ ಹುಡುಗ ಕೇಳಿದ. ಆ ಮನೆಯ ಬಾಗಿಲುಗಳ ಕಥೆ ಹೇಳಿದೆ. ನಕ್ಕ. ಆಮೇಲೆ ತಾನೇ ಹೋಗಿ ಬ್ಯಾಂಡ್ ಅಂಟಿಸಿದ ತುಂಡು ಹುಡುಕಿ ತಂದ.